ಹಗೇವಿಗೆ ಇಳಿದವರ ನಗು: ವಾಡೆಯ ಕುಸಿತವೂ ಕನ್ನಡದ ವಿಡಂಬನ ಕಥನವೂ



ಉಳ್ಳವರ ಮನೆ ಕುಸಿಯುವುದನ್ನು ನಗುತ್ತ ಹೇಳುವ ಕಥೆ, ಕಾದಂಬರಿ, ನಾಟಕಗಳ ಕುರಿತು ಮಾತಾಡಲು ಬಂದಿದ್ದೇನೆ. ಹೊರಗಿನ ಭಾಷೆಗಳಲ್ಲಿ ಇದಕ್ಕೆ ದೊಡ್ಡ ಪರಂಪರೆಯಿದೆ. ಹಿಂದಿಯಲ್ಲಿ ಪ್ರೇಮಚಂದರು 1924ರಲ್ಲಿ ಬರೆದ ಚದುರಂಗದ ಆಟಗಾರರ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. 1856ರ ಲಖನೌ. ಅವಧ ರಾಜ್ಯ ಕಂಪನಿ ಸರಕಾರದ ಪಾಲಾಗುತ್ತಿದೆ. ಇಬ್ಬರು ಜಹಗೀರದಾರರು ಊರಾಚೆಯ ಪಾಳು ಕಟ್ಟಡದಲ್ಲಿ ಚದುರಂಗ ಆಡುತ್ತ ಕೂತಿದ್ದಾರೆ. ನವಾಬನಿಗಾಗಿ ಒಂದು ಹನಿ ಕಣ್ಣೀರು ಹಾಕದವರು ಮಣೆಯ ಮೇಲಿನ ಮಂತ್ರಿಗಾಗಿ ಕತ್ತಿ ಹಿರಿದು ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ.

ಆ ಕಥೆಯಲ್ಲಿ ನಗುವವನು ಲೇಖಕ. ಅವನು ದೂರದಲ್ಲಿ ನಿಂತಿದ್ದಾನೆ. ನಮ್ಮ ಸೀಮೆಯ ದೇಸಾಯಿ, ಗೌಡರ ಬಗ್ಗೆ ಕನ್ನಡದಲ್ಲಿ ಬಂದ ಒಳ್ಳೆಯ ಬರವಣಿಗೆಯಲ್ಲಿ ನಗುವವರು ಬೇರೆ: ಹಿತ್ತಲ ಬಾಗಿಲಿಂದ ವಾಡೆಯೊಳಗೆ ಹೋಗಿ ಬಂದವರು, ಅದರ ಉಪ್ಪು ಉಂಡವರು, ಅದರ ಹೊಲ ಉತ್ತವರು, ಅದರೊಳಗೆ ಸೊಸೆಯಾಗಿ ಬಂದು ಸಿಕ್ಕಿಕೊಂಡವರು. ಆ ನಗುವಿನಲ್ಲಿ ತಿಳಿವಳಿಕೆ ಇದೆ. ಅದನ್ನು ಈ ಹೊತ್ತು ತಮ್ಮ ಮುಂದೆ ಬಿಚ್ಚಿ ಇಡಬೇಕೆಂಬುದು ನನ್ನ ಆಸೆ.

ಹಿರಿಯರಿಗೆ ಹಗೇವು ಗೊತ್ತು, ಹುಡುಗರಿಗಾಗಿ ಹೇಳುತ್ತೇನೆ. ನೆಲ ಅಗೆದು, ಬಾಯಿ ಕಿರಿದು, ಹೊಟ್ಟೆ ಅಗಲ ಮಾಡಿ, ಒಳಗೆ ಕಣಿಕೆ, ಹೊಟ್ಟು ಹಾಸಿ ಜೋಳ ತುಂಬುತ್ತಿದ್ದರು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವಾಗ ಒಮ್ಮೆಲೇ ಇಳಿಯುವಂತಿಲ್ಲ. ಬಾಯಿ ತೆರೆದಿಟ್ಟು ಝಳ ಹೋಗುವವರೆಗೆ ಕಾಯಬೇಕು, ಆಮೇಲೆ ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿತೆಂದರೆ ಒಳಗೆ ಉಸಿರಿಗೆ ಗಾಳಿ ಇಲ್ಲ. ಅವಸರ ಮಾಡಿ ಇಳಿದು ಸತ್ತವರಿದ್ದಾರೆ. ವಾಡೆಯ ಹಗೇವಿಗೆ ಇಳಿಯುತ್ತಿದ್ದವನು ಯಾವತ್ತೂ ದೇಸಾಯಿಯಲ್ಲ, ಆಳುಮಗ. ಕಾಳು ಎಷ್ಟು ಉಳಿದಿದೆ, ಎಷ್ಟು ಮುಗ್ಗಿದೆ ಎಂಬುದು ಮೊದಲು ಗೊತ್ತಾಗುತ್ತಿದ್ದದ್ದು ಅವನಿಗೆ. ಮೇಲೆ ಪಡಸಾಲೆಯಲ್ಲಿ ಗಾದಿ, ಲೋಡು, ಎಲೆ-ಅಡಿಕೆ ತಬಕು ಎಲ್ಲ ಇದ್ದ ಹಾಗೇ ಇರುತ್ತದೆ. ಪಂಕ್ತಿ ಮೇಲೆ ಪಂಕ್ತಿ ಊಟ ನಡೆದಿರುತ್ತದೆ. ತಳ ಕಂಡಿದೆಯೆಂಬ ಸುದ್ದಿ ಕೆಳಗೆ ಇಳಿದವನ ಹತ್ತಿರ ಮಾತ್ರ ಇರುತ್ತದೆ. ನಮ್ಮ ವಿಡಂಬನೆ ಬರೆದ ಕೈ ಆ ಆಳುಮಗನ ಕೈ.

ಈಗ ಸ್ವಲ್ಪ ಇತಿಹಾಸ. ಇವತ್ತು ಒಂದೇ ಜಿಲ್ಲೆಯಲ್ಲಿರುವ ನಮ್ಮ ಊರುಗಳು ಎಂಬತ್ತು ವರ್ಷಗಳ ಹಿಂದೆ ಬೇರೆ ಬೇರೆ ಧಣಿಗಳ ಕೈಯಲ್ಲಿದ್ದವು. ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಮುಂಡರಗಿಯಿಂದ ಪೂರ್ವಕ್ಕೆ ಹೋದರೆ ಕೊಪ್ಪಳ, ಅದು ನಿಜಾಮನ ಸೀಮೆ. 1948ರ ಮಾರ್ಚಿನಲ್ಲಿ ದಖ್ಖನ್ನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರುವವರೆಗೂ ಪಟವರ್ಧನ ರಾಜರು ದೂರದ ಕೃಷ್ಣಾತೀರದಲ್ಲಿ ಕೂತು ಇಲ್ಲಿಯ ಕಂದಾಯ ಎತ್ತುತ್ತಿದ್ದರು. ರಾಜ ದೂರವಿದ್ದಷ್ಟೂ ಹತ್ತಿರದ ದೇಸಾಯಿ, ಗೌಡ, ಕುಲಕರ್ಣಿಯ ಕೈ ಉದ್ದವಾಗುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿಯ ರೈತನಿಗೆ ಸರಕಾರ ಅಂದರೆ ವಾಡೆಯ ಕಟ್ಟೆಯೇ ಆಗಿತ್ತು.

ಈ ಮೇಲ್ವರ್ಗ ಬಿದ್ದದ್ದು ಒಮ್ಮೆಲೇ ಅಲ್ಲ. ಮೊದಲ ದೊಡ್ಡ ಪೆಟ್ಟು 1858ರಲ್ಲಿ. ನರಗುಂದದ ಭಾಸ್ಕರರಾವ ಭಾವೆ, ಜನ ಬಾಬಾಸಾಹೇಬ ಎಂದು ಕರೆದ ಅರಸ, ಗಂಡುಮಕ್ಕಳಿಲ್ಲದೆ ದತ್ತಕಕ್ಕೆ ಒಪ್ಪಿಗೆ ಕೇಳಿದ. ಕಂಪನಿ ಸರಕಾರ ಒಪ್ಪಲಿಲ್ಲ. ಮೇಲಿಂದ ಇನಾಮುಗಳ ತನಿಖೆ, ಆಯುಧ ಒಪ್ಪಿಸಬೇಕೆಂಬ ಹುಕುಂ. ಮೇ ತಿಂಗಳ ಕೊನೆಗೆ ಸುರೇಬಾನದಲ್ಲಿ ಮ್ಯಾನ್‌ಸನ್ ಎಂಬ ಅಧಿಕಾರಿಯ ತಲೆ ಹಾರಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೆ ಹಾಕಿದರು. ಅದೇ ದಿನಗಳಲ್ಲಿ ಮುಂಡರಗಿ ಭೀಮರಾಯ ಹಮ್ಮಿಗಿಯ ಕೆಂಚನಗೌಡನನ್ನು ಕೂಡಿಕೊಂಡು ಡಂಬಳದ ಖಜಾನೆ ಹೊಡೆದು, ಕೊಪ್ಪಳದ ಕೋಟೆ ಹಿಡಿದು, ಅಲ್ಲಿಯೇ ಹೋರಾಡಿ ಸತ್ತ. ಮುಂಡರಗಿಯವರು ಇವತ್ತಿಗೂ ಆ ಹೆಸರನ್ನು ಎದೆಯುಬ್ಬಿಸಿ ಹೇಳುತ್ತಾರೆ, ಹೇಳಲೇಬೇಕು.

ಈ ಇತಿಹಾಸದಿಂದ ಒಂದು ಎಳೆಯನ್ನು ಮಾತ್ರ ಹಿಡಿದುಕೊಳ್ಳಿ: ಮಕ್ಕಳಿಲ್ಲದ ಅರಸ. 1858ರಲ್ಲಿ ಅದು ರಣರಂಗಕ್ಕೆ ಕಾರಣವಾಯಿತು. ನೂರು ವರ್ಷ ದಾಟಿದ ಮೇಲೆ ಅದೇ ಸಂಗತಿ ಕನ್ನಡ ರಂಗಭೂಮಿಗೆ ಬಂತು, ನಗೆಯಾಗಿ ಬಂತು. ಇದು ಹೇಗಾಯಿತು ಎಂದು ವಿಚಾರ ಮಾಡಿದರೆ ನಮ್ಮ ವಿಡಂಬನೆಯ ಗುಟ್ಟು ಸಿಗುತ್ತದೆ.

ನಮ್ಮ ಊರುಗಳಲ್ಲಿ ಭಾದ್ರಪದದಾಗ, ಗಣಪತಿ ಹೋದ ಬೆನ್ನಿಗೆ, ಜೋಕುಮಾರ ಬರುತ್ತಾನೆ. ಅಂಬಿಗರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಮಣ್ಣಿನ ಮೂರ್ತಿ ಇಟ್ಟು, ಬೇವಿನ ತಪ್ಪಲು ಸಿಕ್ಕಿಸಿ, ಬಾಯಿಗೆ ಬೆಣ್ಣೆ ಹಚ್ಚಿ ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಮೊರದಲ್ಲಿ ಜೋಳ ಹಾಕಿಸಿಕೊಳ್ಳುತ್ತಾರೆ. ಜೋಕುಮಾರನ ಬದುಕು ಏಳು ದಿನದ್ದು. ಊರ ಹೆಂಗಸರ ಮೇಲೆ ಕಣ್ಣು ಹಾಕುವ ಪುಂಡ ಅವನು, ಕೊನೆಗೆ ಊರವರ ಕೈಯಲ್ಲೇ ಸಾಯುವವನು. ಆದರೂ ಅವನು ಬಂದುಹೋದರೆ ಮಳೆ ಬರುತ್ತದೆ, ಬೆಳೆ ಬರುತ್ತದೆ, ಬಂಜೆಗೆ ಮಕ್ಕಳಾಗುತ್ತವೆ ಎಂಬ ನಂಬಿಕೆ. ಆ ಬುಟ್ಟಿ ಬಡವರ ಮನೆಗೂ ಹೋಗುತ್ತದೆ, ಗೌಡರ ವಾಡೆಯ ಹೊಸ್ತಿಲಿಗೂ ಹೋಗುತ್ತದೆ. ಪುಂಡನೊಬ್ಬನ ಮೆರೆದಾಟ ಮತ್ತು ಸಾವಿನ ಹಾಡನ್ನು ಗೌಡಸಾನಿಯ ಎದುರಿಗೇ ನಿಂತು ಹಾಡುವ ಹಕ್ಕು ಆ ಹೆಣ್ಣುಮಕ್ಕಳಿಗಿತ್ತು. ಮಾನ ಮುಚ್ಚಿಕೊಂಡು ಕೂತವರ ಮನೆಯಲ್ಲಿ ಇಷ್ಟು ಬಿಚ್ಚುಮಾತು ಆಡುವ ಸಲುಗೆ ಬೇರೆ ಯಾವ ಹಬ್ಬದಲ್ಲೂ ಇರಲಿಲ್ಲ.

ಚಂದ್ರಶೇಖರ ಕಂಬಾರರು ಇದನ್ನೇ ಹಿಡಿದು 'ಜೋಕುಮಾರಸ್ವಾಮಿ' ಬರೆದರು. 1972ರಲ್ಲಿ ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತಂದರು. ಊರ ಗೌಡನಿಗೆ ಬಂದೂಕು ಇದೆ, ಹೊಲ ಇದೆ, ಆಳು ಇದ್ದಾರೆ, ಗಂಡಸುತನ ಇಲ್ಲ. ಗೌಡತಿಗೆ ಮಗು ಬೇಕು. ಜೋಕುಮಾರನ ಪೂಜೆಯ ಪಲ್ಯವನ್ನು ಗಂಡನಿಗೆ ಉಣಿಸಬೇಕೆಂದು ಅವಳು ಹೊರಟರೆ ಉಂಡವನು ಬಸಣ್ಣ, ಗೌಡ ನುಂಗಿದ ಹೊಲ ತನ್ನದೆಂದು ಹೇಳುವ ಬಸಣ್ಣ. ಕೊನೆಗೆ ಬಸಣ್ಣ ಜೋಕುಮಾರನ ಹಾಗೆ ಸಾಯುತ್ತಾನೆ, ಗೌಡತಿಯ ಹೊಟ್ಟೆಯಲ್ಲಿ ಅವನ ಕೂಸು ಉಳಿಯುತ್ತದೆ. ವಾಡೆಗೆ ವಾರಸುದಾರ ಸಿಕ್ಕ. ಆದರೆ ಆ ವಾರಸುದಾರ ಉಳುವವನ ಮಗ.

ಇಸವಿಗಳನ್ನು ಗಮನಿಸಿ. ನಾಟಕ ಬಂದದ್ದು 1972. ದೇವರಾಜ ಅರಸರ ಸರಕಾರ ಭೂಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಕಾನೂನು ಇನ್ನೂ ವಿಧಾನಸೌಧದ ಬಾಗಿಲು ದಾಟುವ ಮೊದಲೇ ಒಂದು ನಾಟಕ ಈ ಹೊಲ ಯಾರದು ಎಂದು ಜೋರು ದನಿಯಲ್ಲಿ ಕೇಳಿತ್ತು. ಗೌಡ ಇನ್ನೂ ಬಲಿಷ್ಠನಿದ್ದಾಗಲೇ ಬಂದ ಆ ನಗುವಿನಲ್ಲಿ ಹೆದರಿಕೆ ಇದೆ, ಸಿಟ್ಟು ಇದೆ, ಹೆಣ ಬೀಳುತ್ತದೆ. ಬಿದ್ದವನ ಮೇಲೆ ನಗುವುದು ಸುಲಭ. ಕಂಬಾರರು ಆಗ ನಕ್ಕದ್ದು ನಿಂತವನ ಮೇಲೆ, ಅದರಲ್ಲೂ ಬಂದೂಕು ಹಿಡಿದು ನಿಂತವನ ಮೇಲೆ.

ಕಾನೂನಿನ ವಿಷಯ ಬಂದದ್ದರಿಂದ ಒಂದೆರಡು ಮಾತು. ದೇಸಾಯಿ, ಕುಲಕರ್ಣಿ ವತನಗಳನ್ನು ತೆಗೆದುಹಾಕುವ ಮುಂಬಯಿ ಕಾಯ್ದೆ 1950ರಲ್ಲೇ ಬಂತು. ಗೌಡಕಿಯಂಥ ಗ್ರಾಮಾಧಿಕಾರಗಳನ್ನು ಕಿತ್ತದ್ದು 1961ರ ಕಾಯ್ದೆ. ಅವುಗಳಿಂದ ಪದವಿ ಹೋಯಿತು, ಗತ್ತು ಹೋಗಲಿಲ್ಲ. ಗತ್ತಿಗೆ ಕೈ ಹಾಕಿದ್ದು 1974ರ ತಿದ್ದುಪಡಿಯ ಏಳನೇ ನಂಬರ್ ಫಾರಂ. ಕೋರಿಗೋ ಲಾವಣಿಗೋ ಹೊಲ ಮಾಡುತ್ತಿದ್ದ ಒಕ್ಕಲಿಗ ಅದನ್ನು ತುಂಬಿ ಕೊಡಬೇಕು. ತಾಲೂಕಿನ ಭೂನ್ಯಾಯ ಮಂಡಳಿ ವಿಚಾರಣೆ ಮಾಡಬೇಕು. ಮೊದಮೊದಲು ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಧಣಿಯೂ ಒಕ್ಕಲವನೂ ಎದುರುಬದುರು ನಿಂತು ತಮ್ಮ ಬಾಯಿಂದಲೇ ಹೇಳಬೇಕು. ವಾಡೆಯ ಕಟ್ಟೆಯ ಕೆಳಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತವನು ಈಗ ಅದೇ ಧಣಿಯ ಪಕ್ಕದಲ್ಲಿ ನಿಂತು, 'ಈ ಹೊಲಾ ನಾ ಮಾಡೀನ್ರೀ ಸಾಹೇಬ್ರ, ನಮ್ಮಪ್ಪನೂ ಮಾಡ್ಯಾನ್ರೀ' ಎನ್ನಬೇಕು. ಎಷ್ಟೋ ಜನ ಹಾಗೆ ಅಂದರು. ಎಷ್ಟೋ ಜನ ಧಣಿಯ ಮುಖ ನೋಡಿ ತಲೆ ತಗ್ಗಿಸಿ, 'ನಂದಲ್ರೀ' ಎಂದು ಬಂದುಬಿಟ್ಟರು. ಈ ಎರಡನೆಯವರ ಕಥೆ ಕನ್ನಡದಲ್ಲಿ ತೀರ ಕಡಿಮೆ ಬಂದಿದೆ.

ಅದೇ 1974ರಲ್ಲಿ ಇನ್ನೊಂದು ಘಟನೆ ನಡೆಯಿತು. ಪಿ.ಬಿ. ಧುತ್ತರಗಿಯವರ ಕಂಪನಿ ನಾಟಕ 'ಸಂಪತ್ತಿಗೆ ಸವಾಲ್' ಸಿನಿಮಾ ಆಗಿ ರಾಜ್‌ಕುಮಾರರ ಮೂಲಕ ನಾಡೆಲ್ಲ ಓಡಿತು. ಅದನ್ನು ಪ್ರೀತಿಸುವವರು ಈ ಸಭೆಯಲ್ಲೂ ಇದ್ದೀರಿ, ಆ ಸಂಭಾಷಣೆಯ ಕಸುವನ್ನು ನಾನೂ ಮೆಚ್ಚುತ್ತೇನೆ. ಆದರೂ ನನ್ನ ತಕರಾರು ಹೇಳಲೇಬೇಕು. ಸಾಹುಕಾರನ ಸೊಕ್ಕು ಮುರಿಯಲು ಹೊರಟ ಕಥೆ ಕೊನೆಗೆ ಅವನ ಮಗಳ ಸೊಕ್ಕು ಮುರಿಯುವುದರಲ್ಲಿ ಬಂದು ನಿಲ್ಲುತ್ತದೆ. ಹೊಲದ ಪ್ರಶ್ನೆ ಹಿಂದೆ ಸರಿದು ಹೆಣ್ಣನ್ನು ಬಗ್ಗಿಸುವ ಪ್ರಶ್ನೆ ಮುಂದೆ ಬರುತ್ತದೆ. ಪ್ರೇಕ್ಷಕ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ, ಸಂಪತ್ತು ಇದ್ದಲ್ಲೇ ಇರುತ್ತದೆ. ಇದು ವಿಡಂಬನೆಯ ಸೋಲು ಎಂದೇ ನನ್ನ ತೀರ್ಮಾನ.

ರಂಗಭೂಮಿಯೂ ಉಳ್ಳವರ ಮನೆಗಳೂ ನಮ್ಮಲ್ಲಿ ಹೆಣೆದುಕೊಂಡೇ ಬೆಳೆದವು ಎಂಬುದನ್ನು ಮರೆಯಬಾರದು. ಶಿರಹಟ್ಟಿಯನ್ನು ಆಳಿದ ಅದೇ ಸಾಂಗಲಿಯ ಅರಸ ಚಿಂತಾಮಣರಾವ ಪಟವರ್ಧನರ ಆಶ್ರಯದಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ ಮರಾಠಿಯ ಮೊದಲ ನಾಟಕ ಆಡಿದರು. ಅದಕ್ಕೆ ಪ್ರೇರಣೆ ಉತ್ತರ ಕನ್ನಡದಿಂದ ಹೋದ ನಮ್ಮ ಭಾಗವತರ ಆಟ. ಆಮೇಲೆ ಮರಾಠಿ ಕಂಪನಿಗಳು ನಮ್ಮ ಊರುಗಳನ್ನೇ ತುಂಬಿದಾಗ ಸಕ್ಕರಿ ಬಾಳಾಚಾರ್ಯರು, ನಮ್ಮ ಶಾಂತಕವಿಗಳು, ಇದೇ ಗದುಗಿನಲ್ಲಿ 1870ರ ದಶಕದಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ ಕನ್ನಡ ನಾಟಕ ಆಡಿಸಿದರು. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂತು. ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಣ್ಣುಮಕ್ಕಳದೇ ಕಂಪನಿ ಕಟ್ಟಿದರು. ಆ ಕಾಲಕ್ಕೆ ಅದು ಎಂಥ ಧೈರ್ಯ! ಈ ಕಂಪನಿಗಳಿಗೆ ಮುಂದಿನ ಸಾಲಿನಲ್ಲಿ ಕೂತ ದೇಸಾಯಿ, ಇನಾಮದಾರರ ಕೈಬಿಚ್ಚು ಬೇಕಾಗಿತ್ತು. ಆ ದೊಡ್ಡವರ ಪೈಕಿ ನಾಟಕದ ಹುಚ್ಚಿಗೆ ಹೊಲ ಕಳೆದುಕೊಂಡವರ ಸುದ್ದಿ ನಮ್ಮ ಕಡೆ ಪ್ರತಿ ಹೋಬಳಿಯಲ್ಲೂ ಕೇಳಸಿಗುತ್ತದೆ.

ಕಂಬಾರರ 'ಸಿಂಗಾರೆವ್ವ ಮತ್ತು ಅರಮನೆ' ಕಾದಂಬರಿಯ ಸರಗಂ ದೇಸಾಯಿ ಇಂಥ ಮಣ್ಣಿನಿಂದಲೇ ಎದ್ದವನು. 1982ರಲ್ಲಿ ಬಂದ ಈ ಕಾದಂಬರಿ ನನ್ನ ದೃಷ್ಟಿಯಲ್ಲಿ ಈ ಬಗೆಯ ಕನ್ನಡ ಕಥನದ ಶಿಖರ. ದೇಸಾಯಿಗೆ ಸಂಗೀತ ಬೇಕು, ನಾಟಕ ಬೇಕು. ಬಣ್ಣ ಹಚ್ಚಿಕೊಂಡಾಗ ಅವನು ರಾಜ, ಬಣ್ಣ ತೊಳೆದರೆ ಏನೂ ಅಲ್ಲ. ನಿಜದ ಅರಮನೆ ಸೋರುತ್ತಿರುವಾಗ ಅವನು ಪರದೆಯ ಮೇಲಿನ ಅರಮನೆಯಲ್ಲಿ ದರ್ಬಾರು ನಡೆಸುತ್ತಾನೆ. ಕಾಯ್ದೆ ಬಂದು ಎಂಟು ವರ್ಷ ಕಳೆದಿದ್ದ ಹೊತ್ತು ಅದು. ಅಷ್ಟು ಹೊತ್ತಿಗೆ ದೇಸಾಯಿ ಯಾರಿಗೂ ಹೆದರಿಕೆ ಹುಟ್ಟಿಸುವ ಮನುಷ್ಯನಾಗಿ ಉಳಿದಿರಲಿಲ್ಲ. ಆದ್ದರಿಂದ ವಿಡಂಬನೆಯ ಧಾಟಿಯೂ ಬದಲಾಯಿತು. 'ಜೋಕುಮಾರಸ್ವಾಮಿ'ಯಲ್ಲಿ ಸಿಟ್ಟಿದ್ದ ಜಾಗದಲ್ಲಿ ಇಲ್ಲಿ ಒಂದು ಬಗೆಯ ನೋವು ಬಂದು ಕೂತಿದೆ.

ಆ ನೋವು ದೇಸಾಯಿಗಾಗಿ ಅಲ್ಲ. ಅಲ್ಲೇ ಕಾದಂಬರಿಯ ದೊಡ್ಡತನ. ಕಥೆ ಹೇಳುವವಳು ಸಿಂಗಾರೆವ್ವನ ಬೆನ್ನಿಗೆ ನಿಂತ ಸೇವಕಿ. ಅವಳಿಗೆ ಅರಮನೆಯ ಪ್ರತಿಯೊಂದು ಮೂಲೆ ಗೊತ್ತು, ಯಾವ ಕೋಣೆಯಲ್ಲಿ ಯಾರು ಅತ್ತರು ಎಂಬುದೂ ಗೊತ್ತು. ಅವಳ ಕಣ್ಣಲ್ಲಿ ಅರಮನೆ ಎಂದರೆ ಸಿಂಗಾರೆವ್ವ, ಒಂದು ಕೂಸಿಗಾಗಿ ಹಂಬಲಿಸಿ ಕಲ್ಲುಗೋಡೆಗಳ ನಡುವೆ ಸವೆದ ಹೆಣ್ಣುಮಗಳು. ಮರೆಪ್ಪ ಹೊರಗಿನಿಂದ ಬಂದು ಆ ಮನೆಯನ್ನು ಹಿಡಿಯುತ್ತಾನೆ. ಅವನನ್ನು ಬಿಡುಗಡೆಯ ವೀರನಂತೆ ಕಂಬಾರರು ಚಿತ್ರಿಸುವುದಿಲ್ಲ. ಹಳೆಯ ಧಣಿ ಬಿದ್ದ ಜಾಗದಲ್ಲಿ ಹೊಸ ಧಣಿ ಏಳಬಹುದು, ಹೆಣ್ಣಿನ ಪಾಲಿಗೆ ಗೋಡೆ ಹಾಗೇ ಇರಬಹುದು ಎಂಬ ಕಹಿ ಅರಿವು ಅಲ್ಲಿದೆ. ನರಗುಂದದಲ್ಲಿ ವಾರಸುದಾರನಿಲ್ಲದ ಸಂಕಟ ಅರಸನದಾಗಿತ್ತು. ಅದೇ ಸಂಕಟ ಇಲ್ಲಿ ಹೆಣ್ಣಿನದಾಗಿದೆ. ಬರೆದಿಟ್ಟ ಇತಿಹಾಸಕ್ಕೆ ಕಾಣದ ಜಾಗ ಅದು.

ರಷ್ಯಾದ ಚೆಕಾಫ್‌ನ 'ಚೆರ್ರಿ ತೋಟ' 1904ರಲ್ಲಿ ರಂಗಕ್ಕೆ ಬಂದಾಗ, ಇಂಥ ಕುಸಿತಕ್ಕೆ ನಗಬೇಕೋ ಅಳಬೇಕೋ ಎಂಬ ಪ್ರಶ್ನೆ ಎದ್ದಿತ್ತು. ಸಾಲದಲ್ಲಿ ಮುಳುಗಿದ ಜಮೀನ್ದಾರರ ತೋಟ ಹರಾಜಾಗುತ್ತದೆ, ಅದೇ ಮನೆಯ ಜೀತದಾಳಿನ ಮಗ ಅದನ್ನು ಕೊಳ್ಳುತ್ತಾನೆ. ಚೆಕಾಫ್ ಅದನ್ನು ಹಾಸ್ಯನಾಟಕ ಎಂದ. ಆಡಿಸಿದ ಸ್ತಾನಿಸ್ಲಾವ್‌ಸ್ಕಿ ದುಃಖಾಂತ ಎಂದು ತಿಳಿದು ಹಾಗೇ ಆಡಿಸಿದ. ಲೇಖಕನಿಗೆ ಅದು ಕೊನೆಯವರೆಗೂ ಸಮಾಧಾನವಾಗಲಿಲ್ಲ. ನಾಟಕದ ಕೊನೆಗೆ ಎಲ್ಲರೂ ಹೊರಟುಹೋಗಿ, ಬೀಗ ಹಾಕಿದ ಮನೆಯೊಳಗೆ ಮುದಿ ಆಳು ಫಿರ್ಸ್ ಒಬ್ಬನೇ ಉಳಿಯುತ್ತಾನೆ. ಅವನನ್ನು ಮರೆತೇ ಹೋಗಿರುತ್ತಾರೆ. ದುಃಖಪಡುವುದಾದರೆ ತೋಟದ ಒಡತಿಗಿಂತ ಆ ಮುದುಕನಿಗಾಗಿ ದುಃಖಪಡಬೇಕು. ಚೆಕಾಫ್ ಆ ಮುದುಕನ ಬಾಯಿಂದ ಇಡೀ ಕಥೆ ಹೇಳಿಸಲಿಲ್ಲ. ನಮ್ಮ ಕಂಬಾರರು ಹೇಳಿಸಿದರು.

ಇದೇ ಜಾಡಿನಲ್ಲಿ ರಾಘವೇಂದ್ರ ಪಾಟೀಲರ 'ತೇರು' 2003ರಲ್ಲಿ ಬಂತು, 2005ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ದೇಸಾಯಿ ಕಟ್ಟಿಸಿದ ವಿಠ್ಠಲನ ತೇರು ಮುಂದೆ ಹೋಗಲು ಬಡವನ ಮಗುವಿನ ಬಲಿ ಬೇಕಾಯಿತು. ಪ್ರತಿಯಾಗಿ ಹೊಲದ ದಾನ, ಮೇಲಾಗಿ ಆ ಮನೆತನದವರು ವರ್ಷವರ್ಷ ಬಂದು ರಕ್ತದ ತಿಲಕ ಇಡುವ ಕಟ್ಟಳೆ. ಇಲ್ಲಿ ನಗು ಬಹಳ ಕಡಿಮೆ. ದೇಸಗತಿ ಅಳಿದ ಮೇಲೂ ಅದು ಹಾಕಿದ ಕಟ್ಟಳೆ ಬಡವರ ಮೈಮೇಲೆ ಉಳಿಯುತ್ತದೆಂಬುದನ್ನು ಪಾಟೀಲರು ಎತ್ತಿ ತೋರಿಸಿದರು. ರಾವಬಹಾದ್ದೂರರ 'ಗ್ರಾಮಾಯಣ' 1957ರಷ್ಟು ಹಿಂದೆಯೇ ಇಡೀ ಊರಿನ ಕುಸಿತವನ್ನು ಬರೆದಿತ್ತು. ಅದನ್ನು ಬೇರೆಯಾಗಿಯೇ ಚರ್ಚಿಸಬೇಕು.

ನನಗೆ ಒಂದು ಕೊರತೆ ಬಹಳ ದಿನದಿಂದ ಕಾಡುತ್ತಿದೆ. ಗದುಗಿನ ಪಕ್ಕದ ಕಣಗಿನಹಾಳಕ್ಕೆ ಹೋದರೆ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಪತ್ತಿನ ಸಂಘದ ನೆನಪು ಇದೆ. ದೇಶದಲ್ಲೇ ಮೊದಲನೆಯದು ಎಂದು ನಾವೆಲ್ಲ ಹೆಮ್ಮೆಪಡುವ ಸಂಘ. ಬಡ್ಡಿ ಸಾಹುಕಾರನ ಬಾಯಿಂದ ರೈತನನ್ನು ಬಿಡಿಸಲು ಊರ ಗೌಡನೇ ಎದ್ದು ನಿಂತ. ವರ್ಗವೆಲ್ಲ ಬೀಳುತ್ತಿರುವಾಗ ಆ ವರ್ಗದಲ್ಲೇ ಹುಟ್ಟಿದವನೊಬ್ಬ ತನ್ನ ಕೈಯ ಅಧಿಕಾರವನ್ನು ಹಂಚಲು ಹೊರಟಾಗ ಅವನ ಮನೆಯಲ್ಲಿ, ಅವನ ಭಾವಬಂಧುಗಳ ವಾಡೆಗಳಲ್ಲಿ ಏನೇನು ಮಾತು ಆಗಿರಬೇಡ! ಇದನ್ನು ಇಟ್ಟುಕೊಂಡು ಒಂದು ಕಾದಂಬರಿ ಕನ್ನಡದಲ್ಲಿ ಬರಬೇಕಿತ್ತು. ಗೌಡನೆಂದರೆ ಕ್ರೂರ ಅಥವಾ ಷಂಡ ಎಂಬ ಎರಡೇ ಅಚ್ಚು ನಮ್ಮ ವಿಡಂಬನೆಗೆ ರೂಢಿಯಾದದ್ದು ಒಳ್ಳೆಯದಲ್ಲ.

ಇನ್ನೊಂದು ಕೊರತೆ ದೊಡ್ಡದು. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಹುಕಾರ ಎತ್ತಪ್ಪನ ಕಡಲೆಕಾಯಿಯನ್ನು ಸಾಕವ್ವನ ಮನೆಯವರೆಲ್ಲ ಕೂತು ರಾತ್ರಿಯಿಡೀ ತಿನ್ನುತ್ತಾರೆ, ಬೆಳಗಾದರೆ ಪೊಲೀಸರಿಗೆ ಒಂದು ಕಾಳೂ ಸಿಗುವುದಿಲ್ಲ. ಹಸಿದವರ ಆ ಸಂಭ್ರಮದ ಎದುರು ಸಾಹುಕಾರನ ಸಂಪತ್ತು ಎಷ್ಟು ಚಿಕ್ಕದಾಗಿ ಕಾಣುತ್ತದೆ! ಮೈಸೂರು ಸೀಮೆಯ ಕೇರಿಯಿಂದ ಬಂದ ಇಂಥ ಕಥೆ ನಮ್ಮ ಮುಂಡರಗಿ, ಶಿರಹಟ್ಟಿ ಕಡೆಯ ಕೇರಿಗಳಿಂದ, ತಳವಾರರ, ವಾಲೀಕಾರರ, ಮಾದಿಗರ ಮನೆಗಳಿಂದ ಇನ್ನೂ ಬರಬೇಕು. ವಾಡೆಯ ಅಂಗಳ ಗುಡಿಸಿದ ಅಜ್ಜಿಗೆ ಗೊತ್ತಿರುವಷ್ಟು ಯಾವ ಕಾದಂಬರಿಕಾರನಿಗೂ ಗೊತ್ತಿಲ್ಲ.

ಕಾಲವೂ ಕಡಿಮೆ ಇದೆ. ವಾಡೆಗಳು ಒಂದೊಂದಾಗಿ ಮಾರಿಹೋಗುತ್ತಿವೆ. ತೇಗದ ಕಂಬ, ಕೆತ್ತನೆಯ ಚೌಕಟ್ಟು ಕಿತ್ತು ಲಾರಿಗೆ ಹೇರುತ್ತಾರೆ, ಅವು ದೂರದ ಹೋಟೆಲುಗಳಿಗೆ ಶೋಭೆಯಾಗುತ್ತವೆ. ಅಟ್ಟದ ಮೇಲಿನ ಮೋಡಿ ಅಕ್ಷರದ ದಫ್ತರಗಳನ್ನು ಓದಬಲ್ಲವರು ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಭೂನ್ಯಾಯ ಮಂಡಳಿಯ ಮುಂದೆ ನಿಂತು ಮಾತಾಡಿದ ಒಕ್ಕಲು ಮಕ್ಕಳು, ಮಾತಾಡಲಾರದೆ ತಿರುಗಿ ಬಂದವರು, ಇವತ್ತು ಎಪ್ಪತ್ತು ಎಂಬತ್ತು ದಾಟಿದವರು. ಇಲ್ಲಿ ಕೂತಿರುವ ಕಾಲೇಜು ಹುಡುಗ-ಹುಡುಗಿಯರಲ್ಲಿ ನನ್ನ ಕೇಳಿಕೆ ಇಷ್ಟೆ: ಈ ರಜೆಯಲ್ಲಿ ನಿಮ್ಮ ಊರಿನ ಅಂಥ ಒಬ್ಬ ಅಜ್ಜ, ಒಬ್ಬ ಅಜ್ಜಿಯ ಹತ್ತಿರ ಹೋಗಿ ಕೂಡ್ರಿ. ಮೊಬೈಲಿನಲ್ಲಿ ದನಿ ಹಿಡಿದುಕೊಳ್ಳಿ. ಏಳನೇ ಫಾರಂ ಕೊಟ್ಟರೋ ಇಲ್ಲವೋ ಕೇಳಿ, ಕೊಡದಿದ್ದರೆ ಯಾಕೆ ಕೊಡಲಿಲ್ಲ ಕೇಳಿ, ಹಗೇವಿಗೆ ಇಳಿದವರು ಯಾರು ಎಂದೂ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಇಲ್ಲಿಗೆ ತನ್ನಿ. ಮುಂದಿನ ವರ್ಷ ಈ ದತ್ತಿ ಉಪನ್ಯಾಸದ ಬದಲು ಆ ಬರಹಗಳನ್ನೇ ಓದಿಸಬೇಕೆಂದು ದಾನಿಗಳನ್ನು ಕೇಳಿಕೊಳ್ಳುತ್ತೇನೆ.